ನಾಲ್ಕು ಸಾಲಿನ ಟಿಪ್ಪಣಿ, ನಾಲ್ವರ ಪ್ರಾಜೆಕ್ಟ್

‘ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಓಡ್ತಿತ್ತು ಸರ್...’

ಪ್ರಾಜೆಕ್ಟ್ ವೈವಾ ನಡೆಯುವ ದಿನ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಬಾಗಿಲಲ್ಲಿ ಹತ್ತು ನಿಮಿಷ ನಿಂತು ನೋಡಿ, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಅದು ನಿಜವಾಗಿಯೂ ಓಡಿರುತ್ತದೆ. ಲ್ಯಾಬ್‌ನ ಕಂಪ್ಯೂಟರಿಗೆ ಬಂದ ಕೂಡಲೇ ಪರದೆ ತುಂಬ ಕೆಂಪು ಸಾಲುಗಳು.

ವೆಬ್‌ಸೈಟ್ ಕಟ್ಟುವ ಕೆಲಸದಲ್ಲಿ ಎರಡು ಪಾಲು ಇದೆ. ಕೋಡ್ ಬರೆಯುವುದು ಒಂದು. ಆ ಕೋಡ್ ಓಡುವುದಕ್ಕೆ ಬೇಕಾದ ಏರ್ಪಾಡು, ಅಂದರೆ ಸೆಟಪ್, ಇನ್ನೊಂದು. ಮೊದಲನೆಯದಕ್ಕೆ ಸಿಲಬಸ್ ಇದೆ, ಪುಸ್ತಕ ಇದೆ, ಇಂಟರ್ನಲ್ಸ್ ಇದೆ. ಎರಡನೆಯದನ್ನು ಯಾರೂ ಪಾಠ ಮಾಡುವುದಿಲ್ಲ. ಅದು ಬಾಯಿಂದ ಬಾಯಿಗೆ, ಸೀನಿಯರ್‌ನಿಂದ ಜೂನಿಯರ್‌ಗೆ ಅರ್ಧಂಬರ್ಧ ದಾಟುತ್ತದೆ. ‘ಅದೊಂದು ಕಮಾಂಡ್ ಹಾಕಬೇಕಿತ್ತಲ್ಲ ಮಗಾ, ಏನದು...’ ಎಂದು ತಲೆ ಕೆರೆದುಕೊಳ್ಳುವಲ್ಲಿಗೆ ಆ ಜ್ಞಾನ ಮುಗಿಯುತ್ತದೆ.

ಇದು ಬರೀ ತಾಪತ್ರಯದ ವಿಷಯ ಅಂದುಕೊಳ್ಳಬೇಡಿ. ನಾಲ್ವರ ತಂಡವೊಂದನ್ನು ಗಮನಿಸಿ. ಒಬ್ಬನ ಲ್ಯಾಪ್‌ಟಾಪ್‌ನಲ್ಲಿ ಮೊದಲ ವಾರವೇ ಎಲ್ಲ ಹೊಂದಿಕೊಂಡಿರುತ್ತದೆ. ಇನ್ನೊಬ್ಬಳದರಲ್ಲಿ ಡೇಟಾಬೇಸ್ ಸ್ಟಾರ್ಟ್ ಆಗುತ್ತಿಲ್ಲ. ಮತ್ತೊಬ್ಬನಿಗೆ ಲ್ಯಾಪ್‌ಟಾಪೇ ಇಲ್ಲ, ಲ್ಯಾಬ್ ತೆರೆದಿರುವಷ್ಟೇ ಹೊತ್ತು ಅವನ ಸಮಯ. ಎರಡು ವಾರ ಕಳೆಯುವಷ್ಟರಲ್ಲಿ ಯಾರೂ ಹೇಳದೆಯೇ ಕೆಲಸ ಹಂಚಿಕೆಯಾಗಿಬಿಡುತ್ತದೆ: ಸೆಟಪ್ ಆದವನು ಕೋಡ್ ಬರೆಯುತ್ತಾನೆ, ಆಗದವರು ರಿಪೋರ್ಟ್ ಟೈಪ್ ಮಾಡುತ್ತಾರೆ, ಪಿಪಿಟಿ ಮಾಡುತ್ತಾರೆ. ಮುಂದೆ ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ‘ಪ್ರಾಜೆಕ್ಟ್‌ನಲ್ಲಿ ನಿಮ್ಮ ಪಾಲೇನು?’ ಎಂದು ಕೇಳಿದಾಗ ನಾಲ್ವರಲ್ಲಿ ಮೂವರು ‘ಡಾಕ್ಯುಮೆಂಟೇಶನ್’ ಎನ್ನಬೇಕಾಗುತ್ತದೆ. ಅವರಿಗೆ ಬುದ್ಧಿ ಕಡಿಮೆ ಇತ್ತೆಂದಲ್ಲ. ಮೊದಲ ವಾರದ ನಾಲ್ಕು ಎರರ್‌ಗಳಿಗೆ ಉತ್ತರ ಎಲ್ಲೂ ಬರೆದಿರಲಿಲ್ಲ, ಅಷ್ಟೇ.

ಹಾಗಾಗಿ ಸೆಟಪ್ ಟಿಪ್ಪಣಿ ಬರೆದಿಡುವುದು ಅಚ್ಚುಕಟ್ಟಿನ ಹುಡುಗರ ಹವ್ಯಾಸವಲ್ಲ. ತಂಡದಲ್ಲಿ ಯಾರು ಕೋಡ್ ಬರೆಯುತ್ತಾರೆ ಎಂಬುದನ್ನು ಅದು ನಿರ್ಧರಿಸುತ್ತದೆ.

‘ಎಐ ಇದೆಯಲ್ಲ, ಬರೆಯೋದ್ಯಾಕೆ?’

ಈ ಪ್ರಶ್ನೆ ಈಗ ಸಹಜ. ಎರರ್ ಅನ್ನು ಕಾಪಿ ಮಾಡಿ ಚಾಟ್‌ಬಾಟ್‌ಗೆ ಹಾಕಿದರೆ ಅರೆಕ್ಷಣದಲ್ಲಿ ಉತ್ತರ. ಅದಕ್ಕೂ ಮೊದಲು, 2008ರಲ್ಲಿ ಶುರುವಾದ ಸ್ಟ್ಯಾಕ್ ಓವರ್‌ಫ್ಲೋ ಇತ್ತು. ಉತ್ತರ ಸಿಗುವುದು ಯಾವತ್ತೂ ಕಷ್ಟವಾಗಿರಲಿಲ್ಲ. ಆ ಉತ್ತರ ನಮ್ಮ ಯಂತ್ರಕ್ಕೆ, ನಮ್ಮ ಆವೃತ್ತಿಗೆ ಒಗ್ಗುತ್ತದೆಯೇ, ಒಗ್ಗಿದರೆ ಯಾಕೆ ಒಗ್ಗಿತು ಎಂಬುದು ಕಷ್ಟದ ಭಾಗ.

ಜಾವಾದಲ್ಲಿ ಫೈಲ್‌ನ ಗಾತ್ರವನ್ನು ಓದಲು ಸುಲಭವಾಗುವಂತೆ ಕೆಬಿ, ಎಂಬಿ ಎಂದು ತೋರಿಸುವ ತುಣುಕೊಂದನ್ನು ಆಂಡ್ರಿಯಾಸ್ ಲುಂಡ್‌ಬ್ಲಾಡ್ ಎಂಬ ಪ್ರೋಗ್ರಾಮರ್ 2010ರಲ್ಲಿ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಬರೆದರು. ಅದು ಸಾವಿರಾರು ಪ್ರಾಜೆಕ್ಟ್‌ಗಳಿಗೆ ನಕಲಾಯಿತು. 2019ರಲ್ಲಿ ಅವರೇ ಆ ತುಣುಕಿನಲ್ಲಿ ದೋಷವಿದೆ ಎಂದು ಬರೆದರು: 999,999 ಬೈಟ್‌ಗಳನ್ನು ಕೊಟ್ಟರೆ ಅದು 1.0 ಎಂಬಿ ಎನ್ನುವ ಬದಲು 1000.0 ಕೆಬಿ ಎನ್ನುತ್ತಿತ್ತು. ಒಂಬತ್ತು ವರ್ಷ ಅಷ್ಟೊಂದು ಜನ ಅಂಟಿಸಿಕೊಂಡ ಕೋಡ್ ಅದು. ತುಣುಕನ್ನು ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ, ಎಲ್ಲರೂ ತೆಗೆದುಕೊಳ್ಳುತ್ತಾರೆ. ಆದರೆ ಅದರ ಪಕ್ಕದಲ್ಲಿ ‘ಇದು ಏನು ಮಾಡುತ್ತದೆ, ಅಂಚಿನ ಸಂಖ್ಯೆ ಕೊಟ್ಟರೆ ಏನಾಗುತ್ತದೆ’ ಎಂದು ಎರಡು ಸಾಲು ಬರೆಯಲು ಕೂತರೆ, ಬರೆಯುವುದಕ್ಕಾದರೂ ಒಮ್ಮೆ ಓಡಿಸಿ ನೋಡುತ್ತೇವೆ. ಟಿಪ್ಪಣಿಯ ಮೊದಲ ಲಾಭವೇ ಅದು.

ನಾಲ್ಕು ಸಾಲು ಸಾಕು

ಟಿಪ್ಪಣಿ ಉದ್ದವಾದಷ್ಟೂ ಯಾರೂ ಓದುವುದಿಲ್ಲ, ಬರೆದವರೂ ಸಹ. ಪ್ರತಿ ನಮೂದಿಗೆ ನಾಲ್ಕು ಸಾಲು ಇದ್ದರೆ ಸಾಕು: ಏನು ಕಂಡಿತು, ಏನು ಮಾಡಿದರೆ ಸರಿಹೋಯಿತು, ಯಾಕೆ ಸರಿಹೋಯಿತು, ಯಾವತ್ತು ಮತ್ತು ಯಾವ ಆವೃತ್ತಿಯಲ್ಲಿ.

ಒಂದು ಉದಾಹರಣೆ. ಕಂಡದ್ದು: ಲ್ಯಾಪ್‌ಟಾಪ್‌ನಲ್ಲಿ ಕಾಣುವ ಚಿತ್ರ ಸರ್ವರ್‌ಗೆ ಹಾಕಿದ ಮೇಲೆ ಕಾಣುತ್ತಿಲ್ಲ, 404 ಬರುತ್ತಿದೆ. ಮಾಡಿದ್ದು: ಫೈಲ್ ಹೆಸರಿನ ಮೊದಲ ಅಕ್ಷರ ದೊಡ್ಡದಿತ್ತು, ಕೋಡ್‌ನಲ್ಲಿ ಚಿಕ್ಕದಿತ್ತು, ಎರಡನ್ನೂ ಚಿಕ್ಕದು ಮಾಡಿತು. ಕಾರಣ: ವಿಂಡೋಸ್ ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ; ಹೆಚ್ಚಿನ ಸರ್ವರ್‌ಗಳು ಲಿನಕ್ಸ್. ಕೊನೆಗೆ ದಿನಾಂಕ. ಇದೊಂದು ನಮೂದಿದ್ದರೆ ಮುಂದಿನ ತಂಡ ಹೆಸರುಗಳನ್ನೆಲ್ಲ ಮೊದಲಿನಿಂದಲೂ ಚಿಕ್ಕಕ್ಷರದಲ್ಲೇ ಇಡುತ್ತದೆ.

ಇನ್ನೊಂದು, ಎಲ್ಲರ ತಲೆ ತಿನ್ನುವ ಕಾರ್ಸ್ ಎರರ್. ಕಂಡದ್ದು: ಪೋಸ್ಟ್‌ಮ್ಯಾನ್‌ನಲ್ಲಿ ಎಪಿಐ ಸರಿಯಾಗಿ ಉತ್ತರ ಕೊಡುತ್ತದೆ, ಬ್ರೌಸರ್‌ನಲ್ಲಿ ಮಾತ್ರ ‘ಬ್ಲಾಕ್ಡ್’ ಎನ್ನುತ್ತದೆ. ಕಾರಣ: ಪ್ರೊಟೊಕಾಲ್, ಹೋಸ್ಟ್, ಪೋರ್ಟ್ ಮೂರೂ ಒಂದೇ ಆಗಿದ್ದರೆ ಮಾತ್ರ ಬ್ರೌಸರ್ ಅದನ್ನು ಒಂದೇ ಮೂಲವೆಂದು ಒಪ್ಪುತ್ತದೆ. ವೀಟ್‌ನ ಪುಟ 5173ರಲ್ಲಿ, ನಮ್ಮ ನೋಡ್ ಸರ್ವರ್ 3000ದಲ್ಲಿ ಇದ್ದರೆ ಅವು ಬೇರೆ ಬೇರೆ ಮೂಲಗಳು. ಲೋಕಲ್‌ಹೋಸ್ಟ್ ಎಂದು ಬರೆದದ್ದೂ 127.0.0.1 ಎಂದು ಬರೆದದ್ದೂ ಕೂಡ ಬ್ರೌಸರ್‌ನ ಕಣ್ಣಿಗೆ ಬೇರೆ ಬೇರೆಯೇ. ಈ ಕಾವಲು ಇರುವುದು ಬ್ರೌಸರ್‌ನಲ್ಲಿ. ಪೋಸ್ಟ್‌ಮ್ಯಾನ್‌ಗೆ ಅದು ಇಲ್ಲ. ಮಾಡಬೇಕಾದ್ದು: ಸರ್ವರ್‌ನಲ್ಲಿ ಆ ಒಂದು ಮೂಲಕ್ಕೆ ಅನುಮತಿ ಕೊಡುವುದು, ಇಲ್ಲವೇ ವೀಟ್‌ನ ಪ್ರಾಕ್ಸಿ ಸೆಟ್ಟಿಂಗ್ ಬಳಸುವುದು. ‘ಯಾರು ಬೇಕಾದರೂ ಬರಲಿ’ ಎಂದು ನಕ್ಷತ್ರ ಚಿಹ್ನೆ ಹಾಕಿ ಮುಗಿಸುವುದು ಸುಲಭ, ಆದರೆ ಕಾರಣ ಬರೆದವರಿಗೆ ಅದು ಬಾಗಿಲನ್ನೇ ಕಿತ್ತಿಟ್ಟಂತೆ ಎಂಬುದು ತಿಳಿದಿರುತ್ತದೆ.

ಮೂರನೆಯ ಸಾಲನ್ನು, ಅಂದರೆ ಕಾರಣವನ್ನು, ನಾನು ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷ್‌ನಲ್ಲಾದರೆ ಡಾಕ್ಯುಮೆಂಟೇಶನ್‌ನ ವಾಕ್ಯವನ್ನೇ ಎತ್ತಿಟ್ಟು ಅರ್ಥವಾಯಿತು ಅಂದುಕೊಳ್ಳಬಹುದು. ಕನ್ನಡದಲ್ಲಿ ಆ ಸೌಲಭ್ಯ ಇಲ್ಲ. ಅರ್ಥವಾಗದಿದ್ದರೆ ವಾಕ್ಯವೇ ಹುಟ್ಟುವುದಿಲ್ಲ.

ಹೊಸ ಯಂತ್ರದ ಮೊದಲ ಗಂಟೆ

ತಂಡದ ಯಾರೇ ಆಗಲಿ, ಹೊಸ ಲ್ಯಾಪ್‌ಟಾಪ್ ಅಥವಾ ಲ್ಯಾಬ್ ಕಂಪ್ಯೂಟರ್ ಮುಂದೆ ಕೂತು ಒಂದು ಗಂಟೆಯೊಳಗೆ ಪ್ರಾಜೆಕ್ಟ್ ಓಡಿಸುವಂತಿರಬೇಕು. ಅದಕ್ಕೆ ಬೇಕಾದ ಪಟ್ಟಿ ಪ್ರಾಜೆಕ್ಟ್‌ನ ರೀಡ್‌ಮಿ ಫೈಲ್‌ನಲ್ಲೇ ಇರಲಿ. ಅದರಲ್ಲಿ ಇರಲೇಬೇಕಾದ ಕೆಲವು ಇಲ್ಲಿವೆ.

ಗಿಟ್‌ನಲ್ಲಿ ಹೆಸರು ಮತ್ತು ಇಮೇಲ್: ಲ್ಯಾಬ್ ಕಂಪ್ಯೂಟರ್‌ನಲ್ಲಿ ಹಿಂದೆ ಕೂತವರ ಹೆಸರು ಹಾಗೇ ಉಳಿದಿರಬಹುದು. ಆಗ ನೀವು ಮಾಡಿದ ಕೆಲಸ ಅವರ ಹೆಸರಿನಲ್ಲಿ ದಾಖಲಾಗುತ್ತದೆ. ‘ಗಿಟ್ ಕಾನ್ಫಿಗ್’ ಕಮಾಂಡ್ ಅನ್ನು ‘ಗ್ಲೋಬಲ್’ ಎಂದು ಸೇರಿಸದೆ ಕೊಟ್ಟರೆ ಆ ಒಂದು ಪ್ರಾಜೆಕ್ಟ್‌ಗೆ ಮಾತ್ರ ನಿಮ್ಮ ಹೆಸರು ಅಂಟುತ್ತದೆ, ಉಳಿದವರಿಗೆ ತೊಂದರೆಯಿಲ್ಲ. ಗಿಟ್‌ಹಬ್‌ನ ಹಸಿರು ಚೌಕಗಳನ್ನು ರೆಸ್ಯೂಮೆಯಲ್ಲಿ ತೋರಿಸಬೇಕೆಂದಿರುವವರು ಗಿಟ್‌ಹಬ್ ಖಾತೆಯ ಇಮೇಲನ್ನೇ ಇಲ್ಲೂ ಕೊಡಬೇಕು.

ಸಾಲಿನ ಕೊನೆಯ ಅದೃಶ್ಯ ಚಿಹ್ನೆ: ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಕಾಣದ ಚಿಹ್ನೆಗಳನ್ನು ಇಡುತ್ತದೆ, ಲಿನಕ್ಸ್ ಒಂದನ್ನು. ಒಂದೇ ಸಾಲು ತಿದ್ದಿದರೂ ಇಡೀ ಫೈಲ್ ಬದಲಾಗಿದೆ ಎಂದು ಗಿಟ್ ತೋರಿಸುವುದು ಇದರಿಂದಲೇ. ಗಿಟ್ ಆಟ್ರಿಬ್ಯೂಟ್ಸ್ ಎಂಬ ಫೈಲ್‌ನಲ್ಲಿ ‘ನಕ್ಷತ್ರ, ಟೆಕ್ಸ್ಟ್ ಈಕ್ವಲ್ಸ್ ಆಟೊ’ ಎಂಬ ಒಂದೇ ಸಾಲು ಹಾಕಿದರೆ ಇಡೀ ತಂಡಕ್ಕೆ ಒಂದೇ ನಿಯಮ.

ನೋಡ್‌ನ ಆವೃತ್ತಿ: ‘ನೋಡ್ ಹಾಕಿಕೊಳ್ಳಿ’ ಎಂದರೆ ಸಾಲದು, ಎಷ್ಟನೆಯದು ಎಂದು ಬರೆಯಬೇಕು. ಎಲ್‌ಟಿಎಸ್, ಅಂದರೆ ದೀರ್ಘಕಾಲ ದುರಸ್ತಿ ಸಿಗುವ ಆವೃತ್ತಿಯನ್ನೇ ನಾಲ್ವರೂ ಹಾಕಿಕೊಳ್ಳುವುದು ಒಳ್ಳೆಯದು.

ಲಾಕ್ ಫೈಲ್: ‘ಪ್ಯಾಕೇಜ್ ಲಾಕ್’ ಎಂಬ ಉದ್ದದ ಫೈಲನ್ನು ಕಸವೆಂದು ಅಳಿಸುವವರಿದ್ದಾರೆ. ಯಾವ ಪ್ಯಾಕೇಜ್‌ನ ಯಾವ ಆವೃತ್ತಿ ಬಳಕೆಯಾಗಿದೆ ಎಂಬ ನಿಖರ ಲೆಕ್ಕ ಅದರಲ್ಲಿರುತ್ತದೆ. ಅದನ್ನು ಗಿಟ್‌ಗೆ ಸೇರಿಸಿ. ಬೇರೆ ಯಂತ್ರದಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಎಂದು ಕೊಟ್ಟರೆ ಲೆಕ್ಕದಲ್ಲಿರುವುದೇ ಬರುತ್ತದೆ, ಒಂದು ಚೂರೂ ಆಚೀಚೆ ಆಗುವುದಿಲ್ಲ.

ಗುಟ್ಟಿನ ಫೈಲ್: ಪಾಸ್‌ವರ್ಡ್, ಎಪಿಐ ಕೀ ಇರುವ ‘ಡಾಟ್ ಎನ್ವ್’ ಫೈಲ್ ಮೊದಲ ದಿನವೇ ಗಿಟ್ ಇಗ್ನೋರ್ ಪಟ್ಟಿಗೆ ಸೇರಲಿ. ಅದರ ಜೊತೆ, ಹೆಸರುಗಳಷ್ಟೇ ಇದ್ದು ಬೆಲೆಗಳು ಖಾಲಿ ಇರುವ ಮಾದರಿ ಫೈಲ್ ಒಂದನ್ನು ಗಿಟ್‌ನಲ್ಲಿಡಿ. ಏನೇನು ತುಂಬಬೇಕೆಂದು ಹೊಸಬರಿಗೆ ತಿಳಿಯುತ್ತದೆ. ಕೀ ಒಮ್ಮೆ ಗಿಟ್‌ಹಬ್‌ಗೆ ಹೋಯಿತೆಂದರೆ ಮರುದಿನ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಕೂತೇ ಇರುತ್ತದೆ. ಆ ಕೀಯನ್ನು ರದ್ದು ಮಾಡಿ ಹೊಸದು ತೆಗೆಯುವುದೊಂದೇ ದಾರಿ.

ಕನ್ನಡದ ಪುಟಕ್ಕೆ ಕನ್ನಡದ ಟಿಪ್ಪಣಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಯಾವ ಊರಿನ ವಿದ್ಯಾರ್ಥಿಗಾದರೂ ಅನ್ವಯಿಸುತ್ತದೆ. ಆದರೆ ಹಾಲಿನ ಸಂಘದ ಲೆಕ್ಕ, ಊರಿನ ಗ್ರಂಥಾಲಯ, ಹಾಸ್ಟೆಲ್ ಮೆಸ್ ಹೀಗೆ ನಮ್ಮ ಪ್ರಾಜೆಕ್ಟ್‌ಗಳಲ್ಲಿ ಕನ್ನಡ ಬೇಕಾದವು ಎಷ್ಟೋ ಇವೆ. ಈ ಭಾಗದ ತುಣುಕುಗಳು ಸಿದ್ಧವಾಗಿ ಸಿಗುವುದು ಕಡಿಮೆ. ರಿಪೋರ್ಟ್ ಟೈಪ್ ಮಾಡಲು ಕೂರಿಸಿದ ಕನ್ನಡ ಮಾಧ್ಯಮದ ಗೆಳತಿಯೋ ಗೆಳೆಯನೋ ಇಲ್ಲಿ ಎಲ್ಲರಿಗಿಂತ ಮುಂದಿರುತ್ತಾರೆ, ಯಾಕೆಂದರೆ ಪರದೆಯ ಮೇಲಿನ ಕನ್ನಡ ಎಲ್ಲಿ ಎಡವುತ್ತಿದೆ ಎಂಬುದು ಮೊದಲು ಅವರ ಕಣ್ಣಿಗೆ ಬೀಳುತ್ತದೆ.

ವಿಎಸ್ ಕೋಡ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ಎಚ್‌ಟಿಎಂಎಲ್‌ನ ಅಸ್ಥಿಪಂಜರ ಬರುತ್ತದಲ್ಲ, ಅದರಲ್ಲಿ ಪುಟದ ಭಾಷೆ ‘ಇಎನ್’, ಅಂದರೆ ಇಂಗ್ಲಿಷ್, ಎಂದೇ ಇರುತ್ತದೆ. ಕನ್ನಡ ಪುಟವಾದರೆ ಅದು ‘ಕೆಎನ್’ ಆಗಬೇಕು. ದೃಷ್ಟಿದೋಷವುಳ್ಳವರು ಬಳಸುವ ಸ್ಕ್ರೀನ್ ರೀಡರ್ ಯಾವ ಭಾಷೆಯ ಧ್ವನಿಯಲ್ಲಿ ಓದಬೇಕೆಂದು ತಿಳಿಯುವುದು ಅಲ್ಲಿಂದ. ಸೆಟ್ಟಿಂಗ್ಸ್‌ನ ಎಮ್ಮೆಟ್ ವೇರಿಯಬಲ್ಸ್‌ನಲ್ಲಿ ಒಮ್ಮೆ ಬದಲಿಸಿದರೆ ಮತ್ತೆ ತಿದ್ದುವ ಕೆಲಸವಿಲ್ಲ.

ಇನ್ನು ಅಕ್ಷರಗಳ ಲೆಕ್ಕ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಜಾವಾಸ್ಕ್ರಿಪ್ಟ್‌ಗೆ ಅದರ ಉದ್ದ 6: ಸ, ವಿರಾಮ ಚಿಹ್ನೆ, ತ, ಮತ್ತೊಂದು ವಿರಾಮ ಚಿಹ್ನೆ, ರ, ಕೊನೆಗೆ ದೀರ್ಘ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಹಾಗಾಗಿ ಒಟ್ಟು 18 ಬೈಟ್. ಹೆಸರಿನ ಪೆಟ್ಟಿಗೆಗೆ ಗರಿಷ್ಠ ಉದ್ದ 10 ಎಂದು ಇಟ್ಟಿದ್ದೀರಿ ಅನ್ನಿ. ‘ಕೃಷ್ಣಮೂರ್ತಿ’ ನಮ್ಮ ಲೆಕ್ಕದಲ್ಲಿ ನಾಲ್ಕಕ್ಷರ, ಯಂತ್ರದ ಲೆಕ್ಕದಲ್ಲಿ 11. ಕೊನೆಯ ಗುಡಿಸು ಉದುರಿ ಅವರು ‘ಕೃಷ್ಣಮೂರ್ತ’ ಆಗಿಬಿಡುತ್ತಾರೆ! ಕನ್ನಡ ಹೆಸರು ಬರುವಲ್ಲಿ ಮಿತಿಯನ್ನು ಧಾರಾಳವಾಗಿಡಿ.

ಹುಡುಕಾಟದಲ್ಲಿ ಇನ್ನೊಂದು ಗೋಜಲಿದೆ. ‘ನೀರು’ ಪದದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಡೇಟಾಬೇಸ್‌ನಲ್ಲಿ ಪದ ಇದ್ದರೂ ‘ಸಿಗಲಿಲ್ಲ’ ಎಂದು ಬರಬಹುದು. ಉಳಿಸುವ ಮೊದಲೂ ಹುಡುಕುವ ಮೊದಲೂ ಪಠ್ಯವನ್ನು ಜಾವಾಸ್ಕ್ರಿಪ್ಟ್‌ನ ‘ನಾರ್ಮಲೈಸ್’ ಮೂಲಕ ಎನ್‌ಎಫ್‌ಸಿ ರೂಪಕ್ಕೆ ತಂದರೆ ಈ ಭೇದ ಅಳಿಯುತ್ತದೆ. ಒಂದೇ ಸಾಲಿನ ತುಣುಕು, ಸಂಗ್ರಹದಲ್ಲಿ ಇರಲೇಬೇಕಾದದ್ದು.

ಮೈಎಸ್‌ಕ್ಯೂಎಲ್ ಬಳಸುವವರು ‘ಯುಟಿಎಫ್8’ ಎಂಬ ಹೆಸರನ್ನು ನಂಬಿ ಕೂರಬೇಡಿ. ಬಹುಕಾಲ ಆ ಹೆಸರಿಗೆ ಅಲ್ಲಿದ್ದ ಅರ್ಥ 3 ಬೈಟ್‌ನವರೆಗಿನ ಅಕ್ಷರಗಳು ಮಾತ್ರ. ಕನ್ನಡ ಹೇಗೋ ಹಿಡಿಸುತ್ತದೆ. ಜೊತೆಗೊಂದು ಎಮೋಜಿ ಬಂದರೆ ಅದಕ್ಕೆ 4 ಬೈಟ್ ಬೇಕು, ಅಲ್ಲಿ ಎರರ್. ‘ಯುಟಿಎಫ್8ಎಂಬಿ4’ ಎಂದು ಕೊಡಿ. ಮೈಎಸ್‌ಕ್ಯೂಎಲ್ 8.0ರಿಂದ ಅದೇ ಸಹಜ ಆಯ್ಕೆ, ಆದರೆ ಲ್ಯಾಬ್‌ನಲ್ಲಿ ಹಳೆಯ ಆವೃತ್ತಿ ಇರಬಹುದು.

ಇಂಗ್ಲಿಷ್‌ಗೆಂದು ಮಾಡಿದ ಬಟನ್‌ನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕದೆ ಪ್ಯಾಡಿಂಗ್ ಕೊಡಿ, ಸಾಲಿನ ಎತ್ತರವನ್ನು 1.6ರ ಆಸುಪಾಸಿನಿಂದ ಪ್ರಯತ್ನಿಸಿ. ಹಳೆಯ ನುಡಿ ಅಥವಾ ಬರಹ ಫಾಂಟ್‌ನ ಕಡತದಿಂದ ಎತ್ತಿಹಾಕಿದ ಪಠ್ಯ ಪುಟದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡರೆ ಗಾಬರಿ ಬೇಡ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು.

ದಿನಾಂಕವೂ ಕೈಕೊಡುತ್ತದೆ. ನವೆಂಬರ್ 1ರ ರಾಜ್ಯೋತ್ಸವದ ಕಾರ್ಯಕ್ರಮವನ್ನು ಕ್ಯಾಲೆಂಡರ್‌ನಲ್ಲಿ ಆರಿಸಿ ಉಳಿಸಿದರೆ ಅಕ್ಟೋಬರ್ 31 ಎಂದು ದಾಖಲಾಗುವುದುಂಟು. ನಮ್ಮ ಮಧ್ಯರಾತ್ರಿ 12 ಎಂದರೆ ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ 6.30. ಆ ಸಮಯವನ್ನು ‘ಟು ಐಎಸ್‌ಒ ಸ್ಟ್ರಿಂಗ್’ ಮೂಲಕ ಹಾಯಿಸಿ ದಿನಾಂಕವನ್ನಷ್ಟೇ ಕತ್ತರಿಸಿಕೊಂಡರೆ ಒಂದು ದಿನ ಹಿಂದಕ್ಕೆ ಹೋಗುತ್ತೇವೆ. ಬರೀ ದಿನಾಂಕ ಬೇಕಿದ್ದರೆ ಅದನ್ನು ಪಠ್ಯವಾಗಿಯೇ ಉಳಿಸಿ. ಹಣದ ಲೆಕ್ಕ ತೋರಿಸುವಲ್ಲಿ ‘ಇಎನ್-ಐಎನ್’ ಎಂದು ಕೊಟ್ಟರೆ 1,234,567 ಬದಲು ನಮಗೆ ಓದಲು ಬರುವ 12,34,567 ಮೂಡುತ್ತದೆ.

ಎಲ್ಲಿ ಇಡುವುದು?

ವಾಟ್ಸ್ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಕೊಂಡ ಸಂದೇಶಗಳು, ಫೋನ್‌ನ ಸ್ಕ್ರೀನ್‌ಶಾಟ್‌ಗಳು ಟಿಪ್ಪಣಿಯಲ್ಲ. ಚಿತ್ರದೊಳಗಿನ ಕಮಾಂಡ್ ಅನ್ನು ಕಾಪಿ ಮಾಡುವುದೂ ಹುಡುಕುವುದೂ ಕಿರಿಕಿರಿ. ಸಾದಾ ಟೆಕ್ಸ್ಟ್ ಅಥವಾ ಮಾರ್ಕ್‌ಡೌನ್ ಫೈಲ್ ಸಾಕು, ಅದನ್ನು ಗಿಟ್‌ನಲ್ಲಿಡಿ. ಲ್ಯಾಬ್, ಸೈಬರ್ ಕೆಫೆ, ಗೆಳೆಯನ ಲ್ಯಾಪ್‌ಟಾಪ್ ಎಲ್ಲಿಂದಲಾದರೂ ತೆರೆಯಬಹುದು. ಎರರ್ ಸಂದೇಶವನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಟೈಪಿಸಿಡಿ. ಆರು ತಿಂಗಳ ನಂತರ ನೀವು ಹುಡುಕುವುದು ಅದನ್ನೇ. ದಿನವೂ ಬೇಕಾಗುವ ತುಣುಕುಗಳನ್ನು ವಿಎಸ್ ಕೋಡ್‌ನ ಯೂಸರ್ ಸ್ನಿಪೆಟ್ಸ್‌ಗೆ ಸೇರಿಸಿ, ಮೂರಕ್ಷರದ ಅಡ್ಡಹೆಸರು ಕೊಟ್ಟರೆ ಟೈಪಿಸಿದ ಕೂಡಲೇ ಬಂದು ನಿಲ್ಲುತ್ತವೆ. ಪಾಸ್‌ವರ್ಡ್‌ಗಳನ್ನು ಮಾತ್ರ ಇದರಲ್ಲಿ ಎಂದಿಗೂ ಬರೆಯಬೇಡಿ.

ಚಿಕ್ಕ ತುಣುಕಿನ ಬೆಲೆ ಎಷ್ಟು ಎಂಬುದು ವೆಬ್ ಲೋಕಕ್ಕೆ 2016ರ ಮಾರ್ಚ್‌ನಲ್ಲಿ ಗೊತ್ತಾಯಿತು. ಪಠ್ಯದ ಎಡಗಡೆ ಖಾಲಿ ಜಾಗ ತುಂಬುವ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂನಿಂದ ತೆಗೆದುಹಾಕಿದಾಗ, ಅದನ್ನು ನೆಚ್ಚಿಕೊಂಡಿದ್ದ ಬೇಬೆಲ್‌ನಂಥ ದೊಡ್ಡ ಉಪಕರಣಗಳೂ ಜಗತ್ತಿನಾದ್ಯಂತ ಇನ್‌ಸ್ಟಾಲ್ ಆಗದೆ ನಿಂತವು. ಇಂದು ಅದೇ ಕೆಲಸಕ್ಕೆ ಜಾವಾಸ್ಕ್ರಿಪ್ಟ್‌ನಲ್ಲೇ ‘ಪ್ಯಾಡ್‌ಸ್ಟಾರ್ಟ್’ ಇದೆ. ಅಂದರೆ ನಿನ್ನೆಯ ತುಣುಕು ಇಂದು ಬೇಡವಾಗಬಹುದು. ಸೆಮಿಸ್ಟರ್ ಮುಗಿದಾಗೊಮ್ಮೆ ಟಿಪ್ಪಣಿಗಳನ್ನು ತಿರುವಿಹಾಕಿ, ಹಳತಾದದ್ದನ್ನು ಅಳಿಸಿ. ನಾಲ್ಕನೆಯ ಸಾಲಿನ ದಿನಾಂಕ ಉಪಯೋಗಕ್ಕೆ ಬರುವುದು ಆಗಲೇ.

ಕೆಲಸ ಹುಡುಕುವವರಿಗೆ

‘ನೀವು ಬಿಡಿಸಿದ ಒಂದು ಕಷ್ಟದ ಬಗ್ ಬಗ್ಗೆ ಹೇಳಿ’ ಎಂಬುದು ಸಂದರ್ಶನಗಳಲ್ಲಿ ಬರುವ ಪ್ರಶ್ನೆ. ಏನು ಕಂಡಿತು, ಏನು ಮಾಡಿದೆ, ಯಾಕೆ ಸರಿಹೋಯಿತು: ಉತ್ತರ ನಿಮ್ಮ ಫೈಲ್‌ನಲ್ಲಿ ಅದೇ ಕ್ರಮದಲ್ಲಿ ಕಾದಿರುತ್ತದೆ. ‘ಸ್ತ್ರೀ’ ಪದದ ಉದ್ದ 6 ಏಕೆ ಎಂದು ವಿವರಿಸಬಲ್ಲವರನ್ನು ಎದುರಿಗಿರುವವರು ಅಷ್ಟು ಬೇಗ ಮರೆಯಲಾರರು.

ಅದಕ್ಕಿಂತ ಮುಖ್ಯವಾದದ್ದು ತಂಡದ ಮಾತು. ಮುಂದಿನ ಪ್ರಾಜೆಕ್ಟ್‌ಗೆ ತಂಡ ಕಟ್ಟಿದಾಗ ಒಂದು ನಿಯಮ ಮಾಡಿಕೊಳ್ಳಿ: ಮೊದಲು ಸೆಟಪ್ ಆದವರು ರೀಡ್‌ಮಿ ಬರೆಯಬೇಕು, ಕೊನೆಗೆ ಸೆಟಪ್ ಮಾಡಿಕೊಳ್ಳುವವರು ಯಾರನ್ನೂ ಕೇಳದೆ, ಅದನ್ನು ಓದಿಯೇ ಓಡಿಸಬೇಕು. ಎಲ್ಲಿ ಸಿಕ್ಕಿಕೊಂಡರೋ ಅಲ್ಲಿ ಒಂದು ನಮೂದನ್ನು ಅವರೇ ಸೇರಿಸಬೇಕು. ನಾಲ್ಕನೆಯವರ ಯಂತ್ರದಲ್ಲೂ ಪುಟ ತೆರೆದುಕೊಂಡ ಮೇಲೆ ಕೆಲಸ ಹಂಚಿಕೊಳ್ಳಿ. ಆಗ ರಿಪೋರ್ಟ್ ಟೈಪ್ ಮಾಡುವುದೂ ನಾಲ್ವರ ಪಾಲಿಗೆ ಬರುತ್ತದೆ, ಕೋಡ್ ಬರೆಯುವುದೂ ನಾಲ್ವರ ಪಾಲಿಗೆ ಬರುತ್ತದೆ.

ಶುರು ಮಾಡಲು ಒಳ್ಳೆಯ ದಿನ ನೋಡಬೇಕಿಲ್ಲ. ಈ ವಾರ ನಿಮ್ಮನ್ನು ಕಾಡಿದ ಕೊನೆಯ ಎರರ್ ಯಾವುದು? ಮೊದಲ ನಮೂದು ಅದೇ ಆಗಲಿ.